ಎಳನೀರಿನಲ್ಲಿ ಕೊಟ್ಟ ಜ್ಞಾನಸ್ನಾನ

ದೊಡ್ಡಮ್ಮ ಫೋನಿನಲ್ಲಿ ಹೆಚ್ಚು ಮಾತಾಡಲಿಲ್ಲ. "ಮುಂದಿನ ಸೋಮವಾರ ಜೆಸಿಬಿ ಬರ್ತದಂತೆ. ಅದಕ್ಕೆ ಮೊದಲು ನೀನು ಬಂದು ಜಾಗ ತೋರಿಸ್ಬೇಕು. ಅಮ್ಮ ಅಲ್ಲಿಗೆ ಕರ್ಕೊಂಡು ಹೋದದ್ದು ನಿನ್ನನ್ನು ಮಾತ್ರ."

ಯಾವ ಜಾಗ ಎಂದು ನಾನು ಕೇಳಲಿಲ್ಲ. ಪುತ್ತೂರಿನಿಂದ ಕಡಬದ ಕಡೆಗೆ ಹೋಗುವ ದಾರಿಯ ಬದಿಯಲ್ಲೇ ನಮ್ಮ ಇಗರ್ಜಿ ಇದೆ. ಅದರ ಪಕ್ಕದಲ್ಲಿ ಸ್ಮಶಾನ, ಸ್ಮಶಾನದ ಸುತ್ತ ಕೆಂಪುಕಲ್ಲಿನ ಗೋಡೆ. ಗೋಡೆ ರಸ್ತೆಯ ಮೂಲೆಯಿಂದ ಹೊರಟು ಗುಡ್ಡದ ಕಡೆಗೆ ಏರುತ್ತದೆ. ಅದರ ಹೊರಮೈಗೆ ತಾಗಿ ಉದ್ದಕ್ಕೆ ಒಂದು ಪಟ್ಟಿ ಭೂಮಿ. ಜ್ಞಾನಸ್ನಾನವಾಗದೆ, ಅಂದರೆ ತಲೆಗೆ ನೀರು ಹೊಯ್ದು ಕ್ರೈಸ್ತರಾಗಿಸುವ ವಿಧಿಯಾಗದೆ, ಸತ್ತ ಮಕ್ಕಳನ್ನೂ ನೇಣು ಹಾಕಿಕೊಂಡವರನ್ನೂ ಹಿಂದೆ ಅಲ್ಲಿ ಹೂಳುತ್ತಿದ್ದರು. ಶಿಲುಬೆ ಇಲ್ಲ, ಹೆಸರಿಲ್ಲ, ದಿಬ್ಬವೂ ಉಳಿದಿಲ್ಲ. ಭಾನುವಾರದ ಪೂಜೆಗೆ ಬರುವವರ ಕಾರು, ಬೈಕುಗಳಿಗೆ ಜಾಗ ಸಾಲದೆ ಈಗ ಆ ಪಟ್ಟಿಯನ್ನು ಸಮತಟ್ಟು ಮಾಡುವುದೆಂದು ಇಗರ್ಜಿಯ ಸಭೆಯಲ್ಲಿ ತೀರ್ಮಾನವಾಗಿತ್ತು.

ದೊಡ್ಡಮ್ಮ ನನ್ನ ತಾಯಿಯ ಅಕ್ಕ; ಅವರು ಅಮ್ಮ ಎಂದದ್ದು ನನ್ನ ಅಜ್ಜಿಯನ್ನು. ಎಂಬತ್ತು ದಾಟಿದವರು. ಅವರಿಗಿಂತ ಮೊದಲು ಅಜ್ಜಿಗೆ ಒಂದು ಗಂಡು ಮಗು ಹುಟ್ಟಿತ್ತು. ಸಂಜೆ ಹುಟ್ಟಿ, ಮರುದಿನ ಮಧ್ಯಾಹ್ನದೊಳಗೆ ಸತ್ತಿತು. ಮನೆಯಲ್ಲಿ ಅದರ ಮಾತು ಬರುವುದೇ ಅಪರೂಪ. ಬಂದರೆ 'ಹೊರಗಿನವ' ಎನ್ನುತ್ತಿದ್ದರು. ಅಜ್ಜಿಗೆ ಸುಳ್ಯದ ಕಡೆಯೋ ಮಡಿಕೇರಿಯ ಕಡೆಯೋ ದುಡಿಯಲು ಹೋದ ಒಬ್ಬ ಮಗನಿದ್ದಾನೆ, ಅವನು ಮನೆಗೆ ಬರುವುದಿಲ್ಲ ಎಂದು ನಾನು ತುಂಬ ದಿನ ನಂಬಿದ್ದೆ.

ಈ ಸಂಗತಿಯನ್ನು ನನಗೆ ತಿಳಿಸಿದ್ದು ಮನೆಯವರಲ್ಲ. ಮಗುವನ್ನು ಹೊರಗೆ ಹೂಳಿಸಿದ ಪಾದ್ರಿಯೇ ತಿಳಿಸಿದರು. ಅವರು ಸತ್ತು ಎಷ್ಟೋ ವರ್ಷಗಳ ನಂತರ.

ಅವರು ಇಟಲಿಯವರು. ಬೆಟ್ಟದ ಊರೊಂದರಿಂದ ಬ್ರಿಟಿಷರ ಕಾಲದಲ್ಲಿ ಇಲ್ಲಿಗೆ ಬಂದು, ಜ್ವರ ಹಿಡಿದು ಸಾಯುವ ತನಕ ಇಲ್ಲೇ ಇದ್ದರು. ಜಮೀನ್ದಾರರ ಗುತ್ತುಮನೆಗಳ ಗದ್ದೆಯಲ್ಲಿ ತಲೆಮಾರುಗಳಿಂದ ದುಡಿಯುತ್ತಿದ್ದ ನಮ್ಮಂಥ ಕೆಲವು ಕುಟುಂಬಗಳನ್ನು ಕ್ರೈಸ್ತರನ್ನಾಗಿ ಮಾಡಿ, ಗುಡ್ಡದ ಮೇಲೆ ಗುಡಿಸಲು ಕಟ್ಟಿಸಿ ಕೂರಿಸಿದರು. ಮಂಗಳೂರಿನ ಕಡೆಯಿಂದ ಬಂದ ಹಳೆಯ ಕೊಂಕಣಿ ಕ್ರೈಸ್ತರು ಇಗರ್ಜಿಯಲ್ಲಿ ಮುಂದೆ ಕೂರುತ್ತಿದ್ದರು, ತುಳು ಮಾತಾಡುವ ನಮ್ಮವರು ಹಿಂದೆ. ಪಾದ್ರಿಗಳಿಗೆ ಇದು ಕಾಣುತ್ತಿತ್ತು, ಅವರು ಬರೆದೂ ಇದ್ದಾರೆ. ಬದಲಿಸಲು ಹೋದಂತೆ ಕಾಣುವುದಿಲ್ಲ.

ಅವರ ಬರಹ ಎರಡು ಬಗೆಯದು. ಒಂದು, ತಮ್ಮ ದೇಶದ ಮಿಷನ್ ಪತ್ರಿಕೆಯಲ್ಲಿ ಅಚ್ಚಾಗಲೆಂದು ಕಳಿಸುತ್ತಿದ್ದ ಪತ್ರಗಳು. ಅವುಗಳಲ್ಲಿ ಹಾವು, ಜಿಗಣೆ, ತುಂಬಿದ ಹೊಳೆ, ಸಾಯುವ ಹೊತ್ತಿಗೆ ನಗುವ ಹೊಸ ಕ್ರೈಸ್ತರು. ಇನ್ನೊಂದು, ತಮಗೇ ಬರೆದುಕೊಂಡ ದಪ್ಪ ರಟ್ಟಿನ ಪುಸ್ತಕ. ಅದರಲ್ಲಿ ಯಾರೂ ನಗುವುದಿಲ್ಲ. ಮಾಡು ಸೋರಿದ್ದು, ಅಕ್ಕಿ ಮುಗಿದದ್ದು, ತಮ್ಮ ಚಳಿಜ್ವರ, ತುಳುವಿನಲ್ಲಿ ಹಸಿವಿಗೆ ಇರುವ ಮಾತುಗಳ ಪಟ್ಟಿ, ಯಾರು ಸತ್ತರು ಎಂಬುದು. ಒಬ್ಬ ಮುದಿ ಪಾದ್ರಿ ಇದನ್ನೆಲ್ಲ ಇಂಗ್ಲಿಷಿಗೆ ತಿರುಗಿಸಿ ಟೈಪು ಮಾಡಿಟ್ಟಿದ್ದರು. ಪಿಎಚ್‌ಡಿ ಮಾಡುತ್ತೇನೆಂದು ಓಡಾಡುತ್ತಿದ್ದ ಕಾಲದಲ್ಲಿ ನಾನು ಅದರ ಪ್ರತಿ ಮಾಡಿಸಿಕೊಂಡೆ. ಪಿಎಚ್‌ಡಿ ಮುಗಿಯಲಿಲ್ಲ. ಆಮೇಲೆ ಸುಳ್ಯದಲ್ಲಿ ಪಾಠ ಮಾಡಿದೆ, ಬಿಟ್ಟೆ. ಮೈಸೂರಿಗೆ ಹೋದೆ, ವಾಪಸ್ಸು ಬಂದೆ. ಆ ಕಾಗದದ ಕಟ್ಟು ಮಾತ್ರ ನಾನು ಹೋದಲ್ಲೆಲ್ಲ ಬಂತು.

ಆ ಕಾಲದ ಪಾದ್ರಿಗಳ ಒಂದು ಮುಖ್ಯ ಕೆಲಸವೆಂದರೆ ಸಾಯುವ ಶಿಶುಗಳಿಗೆ ಜ್ಞಾನಸ್ನಾನ ಕೊಡಿಸುವುದು. ಅದಾಗದೆ ಸತ್ತ ಮಗು ಸ್ವರ್ಗಕ್ಕೂ ಹೋಗದು, ನರಕಕ್ಕೂ ಹೋಗದು, 'ಲಿಂಬೊ' ಎಂಬ ಅಂಚಿನ ಜಾಗದಲ್ಲಿ ನಿಂತಿರುತ್ತದೆ ಎಂದು ನಂಬಿದ್ದರು. ಪಾದ್ರಿ ಬರುವ ತನಕ ಜೀವ ಕಾಯುವುದಿಲ್ಲವಲ್ಲ. ಅಂಥ ಹೊತ್ತಿನಲ್ಲಿ ಯಾರು ಬೇಕಾದರೂ ತಲೆಗೆ ನೀರು ಸುರಿದು ಮಂತ್ರ ಹೇಳಬಹುದು, ಅದು ಸಲ್ಲುತ್ತದೆ. ಹಾಗಾಗಿ ನಮ್ಮ ಪಾದ್ರಿಗಳು ಭಾನುವಾರ ಪೂಜೆ ಮುಗಿದ ಮೇಲೆ ಹೆರಿಗೆ ಮಾಡಿಸುವ ಹೆಂಗಸರನ್ನು ಕೂರಿಸಿ ಕಲಿಸುತ್ತಿದ್ದರು. ಮಗುವಿನ ತಲೆಯ ಬದಲಿಗೆ ಒಂದು ಸೌತೆಕಾಯಿ. ನಮ್ಮ ಕಡೆಯ ದಪ್ಪ, ಹಳದಿ ಗೆರೆಯ ಸೌತೆಕಾಯಿ. ಒಬ್ಬೊಬ್ಬರಾಗಿ ಬಂದು ಚೆಂಬಿನಿಂದ ಅದಕ್ಕೆ ಮೂರು ಸಲ ನೀರು ಹೊಯ್ದು ತುಳುವಿನಲ್ಲಿ ಮಂತ್ರ ಒಪ್ಪಿಸಬೇಕು. ಹೆಂಗಸರು ನಕ್ಕರು, ತಾನೂ ನಕ್ಕೆ ಎಂದು ಪಾದ್ರಿಗಳು ಬರೆದಿದ್ದಾರೆ. ಆ ಪುಸ್ತಕದಲ್ಲಿ ಅವರು ನಕ್ಕದ್ದು ನನಗೆ ಸಿಕ್ಕಿದ್ದು ಅಲ್ಲಿ ಮಾತ್ರ.

ಅಜ್ಜಿಯ ಹೆರಿಗೆ ಆದದ್ದು ಆಟಿ ತಿಂಗಳ ಮಳೆಯಲ್ಲಿ. ಮಗು ಅಳಲಿಲ್ಲ, ಮೈ ನೀಲಿಯಾಗುತ್ತ ಬಂತು. ಸೂಲಗಿತ್ತಿ ಕಲಿತದ್ದನ್ನು ಮರೆಯಲಿಲ್ಲ, ಮಂತ್ರ ತಪ್ಪಲಿಲ್ಲ. ಆದರೆ ಬಾವಿಯ ನೀರು ಮಳೆಗೆ ಕದಡಿ ಕೆಂಪಾಗಿತ್ತು, ತೋಡಿನದು ಅದಕ್ಕಿಂತ ಕೊಳಕು, ಹುಲ್ಲಿನ ಮಾಡಿನಿಂದ ಇಳಿಯುವ ಮಳೆನೀರೂ ಕಂದು. ದೇವರ ಮಗುವಿಗೆ ಕೆಸರು ನೀರು ಹೊಯ್ಯುವುದುಂಟೆ? ಅವಳು ನನ್ನ ಅಜ್ಜನನ್ನು ಮರ ಹತ್ತಿಸಿ ಒಂದು ಬೊಂಡ ತೆಗೆಸಿದಳು. ಬೊಂಡವೆಂದರೆ ಎಳನೀರು. ನಾಗನಿಗೆ ಎರೆಯುವುದು ಅದೇ, ಭೂತಕ್ಕೆ ಇಡುವುದು ಅದೇ. ಯಾರ ಕೈಯೂ ಮುಟ್ಟದ, ಯಾರ ಎಂಜಲೂ ತಾಗದ ನೀರು ಈ ಊರಿನಲ್ಲಿ ಅದೊಂದೇ. ಅದನ್ನು ಕೆತ್ತಿ ಮೂರು ಸಲ ಮಗುವಿನ ತಲೆಗೆ ಹೊಯ್ದಳು.

ಮರುದಿನ ಮಗು ಸತ್ತ ಮೇಲೆ ಪಾದ್ರಿಗಳು ಬಂದು ಎಲ್ಲ ಕೇಳಿದರು. ಯಾವ ನೀರು ಎಂದೂ ಕೇಳಿದರು. ಅವಳು ಹೆಮ್ಮೆಯಿಂದ ಹೇಳಿದಳು. ಅವರು ಮನೆಗೆ ಹೋಗಿ ತಮ್ಮ ಶಾಸ್ತ್ರಗ್ರಂಥ ತೆಗೆದು ನೋಡಿದರು. ನೀರೆಂದರೆ ಬಾವಿಯದು, ಹೊಳೆಯದು, ಮಳೆಯದು, ಸಮುದ್ರದ್ದು. ಹಣ್ಣಿನ ರಸ ನೀರಲ್ಲ. ಎಳನೀರಿನ ಮಾತು ಗ್ರಂಥದಲ್ಲಿ ಇರಲಿಲ್ಲ. ಬರೆದವರು ತೆಂಗಿನಮರ ಕಂಡವರಲ್ಲ. ಅದು ರಸದ ಲೆಕ್ಕಕ್ಕೇ ಸೇರುತ್ತದೆಂದು ಅವರು ತೀರ್ಮಾನಿಸಿದರು. ಮಗುವನ್ನು ಗೋಡೆಯ ಹೊರಗೆ ಹೂಳಿದರು.

ಅದೇ ಪುಟದಲ್ಲಿ ಇನ್ನೆರಡು ಸಂಗತಿಗಳಿವೆ. ಎಂಥ ನೀರು ಎಂದು ಹೆಂಗಸರಿಗೆ ಹೇಳಿಕೊಡುವುದು ತನಗೆ ಹೊಳೆಯಲೇ ಇಲ್ಲ ಎಂಬುದು ಒಂದು. ತೀರ್ಮಾನ ಸರಿಯೋ ಎಂದು ಕೇಳಿ ಮಂಗಳೂರಿನ ಹಿರಿಯರಿಗೆ ಬರೆದಿದ್ದೇನೆ, ತಪ್ಪೆಂದು ಬಂದರೆ ಮಗುವನ್ನು ಒಳಗೆ ತರಬೇಕಾಗುತ್ತದೆ, ಅದಕ್ಕಾಗಿ ಜಾಗ ಗುರುತು ಮಾಡಿಟ್ಟಿದ್ದೇನೆ ಎಂಬುದು ಇನ್ನೊಂದು. ರಸ್ತೆಯ ಮೂಲೆಯಿಂದ ಗೋಡೆಗುಂಟ ಮೂವತ್ತು ಹೆಜ್ಜೆ, ಗೋಡೆಯಿಂದ ಆಚೆಗೆ ಎರಡು. ಮಂಗಳೂರಿನ ಉತ್ತರ ಪುಸ್ತಕದಲ್ಲಿಲ್ಲ. ಆ ಮಳೆಗಾಲ ಮುಗಿಯುವ ಹೊತ್ತಿಗೆ ಜ್ವರ ನೆತ್ತಿಗೇರಿ ಪಾದ್ರಿಗಳು ತೀರಿಕೊಂಡರು. ಪುಸ್ತಕ ಅಲ್ಲಿಗೆ ನಿಲ್ಲುತ್ತದೆ.

ಆದರೆ ಸಾಯುವ ಮೊದಲು ತಮ್ಮ ದೇಶಕ್ಕೆ ಒಂದು ಪತ್ರ ಕಳಿಸಿದ್ದರು. ಅದರಲ್ಲೂ ಈ ಮಗು ಬರುತ್ತದೆ. ಅಲ್ಲಿ ಸೂಲಗಿತ್ತಿ ಬಂಡೆಯ ಸಂದಿನ ಒರತೆಗೆ ಓಡಿ ತಿಳಿನೀರು ತರುತ್ತಾಳೆ. ಮಗು ಜ್ಞಾನಸ್ನಾನ ಪಡೆದು ನೇರ ಸ್ವರ್ಗಕ್ಕೆ ಹಾರುತ್ತದೆ.

ಇದನ್ನೆಲ್ಲ ನಾನು ಓದಿದ್ದು ಇಪ್ಪತ್ತು ವರ್ಷದ ಹಿಂದೆ. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ದೊಡ್ಡಮ್ಮನ ಫೋನು ಬಂದ ಮೇಲೆ ಕಟ್ಟು ಹಿಡಿದುಕೊಂಡು ಹೋದೆ.

ಅವರು ಮಗಳು ಮತ್ತು ಅಳಿಯನ ಜತೆ ಇಗರ್ಜಿಯ ಹತ್ತಿರವೇ ಇದ್ದಾರೆ. ಅಳಿಯ ಟೈಲರ್. ನನ್ನನ್ನು ಕಂಡೊಡನೆ ಮೆಷಿನ್ನು ನಿಲ್ಲಿಸಿದ.

"ಓ ಭಾವ, ಪಿಎಚ್‌ಡಿ ಕಟ್ಟು ಈಗಲೂ ಉಂಟಾ? ನೀವದನ್ನು ಗುಜರಿಯವನಿಗೆ ಕೊಟ್ಟಿರಬಹುದು ಅಂತ ಮಾಡಿದ್ದೆ."

"ನೀನು ಸುಮ್ಮನಿರು ಮಾರಾಯ," ಎಂದರು ದೊಡ್ಡಮ್ಮ. "ಅವ ಓದ್ಲಿ."

ನಾನು ಪುಟಗಳನ್ನು ಕನ್ನಡದಲ್ಲಿ ಹೇಳುತ್ತ ಹೋದೆ. ಸೌತೆಕಾಯಿಗೆ ದೊಡ್ಡಮ್ಮ ನಗಲಿಲ್ಲ. ಬೊಂಡದ ಮಾತು ಬಂದಾಗ ಹೌದು ಹೌದು ಎಂದು ತಲೆಯಾಡಿಸಿದರು. ಅದು ಅವರಿಗೆ ಗೊತ್ತಿತ್ತು. ಪಾದ್ರಿಗಳು ಹೆಜ್ಜೆ ಎಣಿಸಿದ್ದು ಗೊತ್ತಿರಲಿಲ್ಲ.

"ಅವರೇ ಎಣಿಸಿದ್ರಾ?"

"ಹೌದು."

"ಹಾಗಾದ್ರೆ ಅವರ ಮನಸ್ಸಿಗೂ ಸಮಾಧಾನ ಇರ್ಲಿಲ್ಲ." ಸೆರಗಿನಿಂದ ಕಣ್ಣೊರೆಸಿಕೊಂಡರು. "ಅಮ್ಮನಿಗೆ ಇಷ್ಟು ಗೊತ್ತಿದ್ರೆ ಸಾಕಿತ್ತು."

ಅಲ್ಲಿಗೆ ನಿಲ್ಲಿಸಬಹುದಿತ್ತು. ನನಗೆ ಹಾಗೆ ನಿಲ್ಲಿಸಿ ಗೊತ್ತಿಲ್ಲ. ಅಚ್ಚಾದ ಪತ್ರವನ್ನೂ ಹೇಳಿದೆ. ದೊಡ್ಡಮ್ಮ ಕಿಟಕಿಯ ಕಡೆ ತಿರುಗಿ ಹೇಳಿದರು:

"ಅಲ್ಲಿಯವರಿಗೆ ಓದ್ಲಿಕ್ಕೆ ಸ್ವರ್ಗ. ನಮಗೆ ಗೋಡೆ."

ಸಂಜೆ ಪಾದ್ರಿಗಳ ಮನೆಗೆ ಹೋದೆವು. ಈಗಿನ ಗುರುಗಳು ಚಿಕ್ಕ ವಯಸ್ಸಿನವರು, ಒಳ್ಳೆಯವರು. ದೊಡ್ಡಮ್ಮನನ್ನು ಕೈಹಿಡಿದು ಕೂರಿಸಿ ಹೇಳಿದರು, "ನೀವು ಹೆದರ್ಬೇಡಿ. ಆ ಮಕ್ಕಳನ್ನು ದೇವರ ಕರುಣೆಗೆ ಬಿಟ್ಟಿದ್ದೇವೆ ಅಂತ ಈಗ ನಮ್ಮ ಧರ್ಮಸಭೆಯೇ ಹೇಳ್ತದೆ. ಲಿಂಬೊ ಅನ್ನುದು ವಿಶ್ವಾಸದ ಸತ್ಯ ಅಂತ ಯಾವತ್ತೂ ಸಾರಿದ್ದಿಲ್ಲ. ಅದೊಂದು ಅಭಿಪ್ರಾಯ ಅಷ್ಟೆ."

"ಅಭಿಪ್ರಾಯಕ್ಕೆ ಯಾರಾದ್ರೂ ಕಲ್ಲಿನ ಗೋಡೆ ಕಟ್ತಾರಾ ಫಾದರ್?" ದೊಡ್ಡಮ್ಮ ಕೇಳಿದರು.

ಗುರುಗಳು ಒಳ್ಳೆಯವರು ಎಂದೆನಲ್ಲ, ಕೋಪ ಮಾಡಿಕೊಳ್ಳಲಿಲ್ಲ. ಜಾಗ ತೋರಿಸಿದರೆ ಅಲ್ಲಿಯ ಮಣ್ಣು ತೆಗೆಸಿ, ಅಜ್ಜಿಯ ಸಮಾಧಿಯಲ್ಲೇ ಇರಿಸಿ ಪ್ರಾರ್ಥನೆ ಮಾಡಿಕೊಡುತ್ತೇನೆ ಎಂದರು. "ಆದರೆ ಒಂದೇ ಜಾಗ ಸಾರ್. ಇಡೀ ಪಟ್ಟಿ ಅಗೆಸ್ಲಿಕ್ಕೆ ನನ್ನಿಂದ ಆಗುದಿಲ್ಲ. ಅಲ್ಲಿ ಬೇರೆಯವರೂ ಇದ್ದಾರೆ."

ಇಲ್ಲಿಂದ ಮುಂದಿನದು ನನ್ನ ತಲೆಯ ಮೇಲೆ ಬಿತ್ತು.

ನನಗೆ ನೆನಪಿರುವುದು ಇಷ್ಟು. ಆರು ವರ್ಷವಿರಬಹುದು. ಪೂಜೆ ಬಿಟ್ಟ ಮೇಲೆ ಅಜ್ಜಿ ನನ್ನ ಕೈ ಹಿಡಿದು ಗೋಡೆಯ ಹೊರಗೆ ಕರೆದುಕೊಂಡು ಹೋದರು. ಅಲ್ಲೊಂದು ಹಲಸಿನ ಮರ. ಅದರ ಹಣ್ಣನ್ನು ಯಾರೂ ತಿನ್ನುತ್ತಿರಲಿಲ್ಲ, ಬಿದ್ದು ಕೊಳೆತ ವಾಸನೆ. ಅಜ್ಜಿ ಮರದ ಕೆಳಗೆ ಕಾಲು ಚಾಚಿ ಕೂತರು. ಎಲೆಗೆ ಸುಣ್ಣ ಹಚ್ಚಿದರು. ಬಾಯಲ್ಲಿ ಪ್ರಾರ್ಥನೆ ಏನೂ ಇರಲಿಲ್ಲ. ಆಮೇಲೆ ಚೀಲದಿಂದ ಕೆತ್ತಿಸಿ ತಂದ ಬೊಂಡವೊಂದನ್ನು ತೆಗೆದು ನೀರನ್ನೆಲ್ಲ ಮಣ್ಣಿಗೆ ಸುರಿದರು. ನನಗೆ ಬಾಯಾರಿತ್ತು, ಕೇಳಿದೆ. ಕೊಡಲಿಲ್ಲ.

ಮರ ಈಗಲೂ ಇತ್ತು, ಮೂಲೆಯಿಂದ ಹದಿನೈದು ಹೆಜ್ಜೆಯ ಹತ್ತಿರ. ಪುಸ್ತಕದಲ್ಲಿದ್ದದ್ದು ಮೂವತ್ತು.

ಆದರೆ ಈ ನೆನಪನ್ನು ನಾನೆಷ್ಟು ನಂಬಲಿ? ಪಾದ್ರಿಗಳ ಪುಸ್ತಕ ಓದುವ ಮೊದಲೂ ಆ ಬೊಂಡ ನನ್ನ ನೆನಪಿನಲ್ಲಿತ್ತೇ? ಇಷ್ಟು ವರ್ಷದಲ್ಲಿ ಹೆಂಡತಿಗಾಗಲಿ ಗೆಳೆಯರಿಗಾಗಲಿ ನಾನು ಅದನ್ನು ಹೇಳಿದ್ದಿಲ್ಲ. ಎಲ್ಲೂ ಬರೆದಿಟ್ಟಿದ್ದಿಲ್ಲ. ಓದಿದ್ದನ್ನು ಕಂಡದ್ದೆಂದು ತಿಳಿಯುವುದು ಮನುಷ್ಯನಿಗೆ ಸಹಜ; ತರಗತಿಯಲ್ಲಿ ಅದನ್ನೇ ಪಾಠ ಮಾಡಿದವನು ನಾನು. ಬೊಂಡ ಆಮೇಲೆ ಸೇರಿಕೊಂಡದ್ದಾದರೆ ಮರವೂ ಹಾಗೆಯೇ ಸೇರಿಕೊಂಡಿರಬಹುದು. ನಾನು ಪ್ರತಿ ವರ್ಷ ಕಾಣುವ ಮರವಲ್ಲವೇ ಅದು? ಅಜ್ಜಿಯನ್ನು ಅದರ ಕೆಳಗೆ ನಾನೇ ಕೂರಿಸಿರಬಹುದು.

ಪಾದ್ರಿಗಳೂ ಸುಳ್ಳು ಬರೆಯಬಲ್ಲವರು, ಅದು ನನಗೆ ಗೊತ್ತಿತ್ತು. ಆದರೆ ಅದು ಬೇರೆಯವರು ಓದಲೆಂದು ಬರೆದ ಪತ್ರ. ತಾನೇ ಮತ್ತೆ ಅಗೆಯಬೇಕಾದೀತೆಂದು ಗುರುತು ಮಾಡಿಕೊಂಡ ಹೆಜ್ಜೆಯಲ್ಲಿ ಸುಳ್ಳು ಏಕಿರುತ್ತದೆ? ಎರಡು ದಿನ ಹೀಗೆ ತೂಗಿ ನೋಡಿದೆ. ಶನಿವಾರ ಬೆಳಿಗ್ಗೆ ಮೂಲೆಯಲ್ಲಿ ನಿಂತು ಮೂವತ್ತು ಎಣಿಸಿದೆ. ಮರವನ್ನು ದಾಟಿ ಮುಂದೆ ಹೋದೆ.

ಗುರುಗಳು ಬಂದಿದ್ದರು. ನಮ್ಮ ವಾಳೆಯ, ಅಂದರೆ ನಮ್ಮ ಕಡೆಯ ಕ್ರೈಸ್ತ ಮನೆಗಳ ಗುಂಪಿನ, ಮುಖ್ಯಸ್ಥರಾದ ಗುರಿಕಾರರಿದ್ದರು. ದೊಡ್ಡಮ್ಮನಿಗೆ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು, ಮಡಿಲಲ್ಲಿ ಸಣ್ಣ ಮರದ ಪೆಟ್ಟಿಗೆ. ಅದರೊಳಗೆ ಹಾಸಲು ಅಳಿಯ ಬಿಳಿ ಬಟ್ಟೆ ಹೊಲಿದುಕೊಟ್ಟಿದ್ದ. ಅಗೆಯಲು ಪಿಕ್ಕಾಸು ಹಿಡಿದವನೂ ಅವನೇ.

"ಇಲ್ಲೇಯಾ?" ದೊಡ್ಡಮ್ಮ ಕೇಳಿದರು.

"ಇಲ್ಲೇ."

"ಅಮ್ಮ ಕೂತದ್ದು ಇಲ್ಲೇಯಾ?"

ನಾನು ಕಟ್ಟು ಬಿಚ್ಚಿ ಹೆಜ್ಜೆಯ ಪುಟ ತೆಗೆದೆ.

"ಬರೆದದ್ದು ಇಲ್ಲಿಗೇ ಬರ್ತದೆ ದೊಡ್ಡಮ್ಮ," ಎಂದೆ.

ಸೊಂಟದ ಆಳ ಅಗೆದದ್ದಾಯಿತು. ಮೇಲೆ ಕೆಂಪು ಮಣ್ಣು, ಕೆಳಗೆ ಹಳದಿ ಜೇಡಿ. ಏನೂ ಸಿಗಲಿಲ್ಲ. ಸಿಗುವುದಿಲ್ಲವೆಂದು ಗೊತ್ತಿತ್ತು, ನಮ್ಮ ಮಣ್ಣಿನಲ್ಲಿ ಒಂದು ದಿನದ ಕೂಸಿನ ಎಲುಬು ಅಷ್ಟು ಕಾಲ ನಿಲ್ಲುವುದಿಲ್ಲ. ದೊಡ್ಡಮ್ಮ ತಾವೇ ಬಗ್ಗಿ ಮೂರು ಹಿಡಿ ಮಣ್ಣು ಪೆಟ್ಟಿಗೆಗೆ ಹಾಕಿದರು. ಒಳಗೆ ಅಜ್ಜಿಯ ಸಮಾಧಿಯ ಹತ್ತಿರ ಗುರುಗಳು ಹೆಸರು ಕೇಳಿದರು. ದೊಡ್ಡಮ್ಮ ತಡಮಾಡದೆ ಒಂದು ಹೆಸರು ಹೇಳಿದರು. ಯಾವಾಗ ಇಟ್ಟುಕೊಂಡಿದ್ದರೋ, ಯಾರಿಗೂ ಗೊತ್ತಿರಲಿಲ್ಲ. ಅವರ ಮಗಳು ಬಾಯಿಗೆ ಕೈ ಅಡ್ಡ ಹಿಡಿದು ಅತ್ತಳು. ಆ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ.

ಆ ದಿನ ದೊಡ್ಡಮ್ಮ ಎರಡು ಸಲ ಅನ್ನ ಹಾಕಿಸಿಕೊಂಡು ಉಂಡರು.

ಸೋಮವಾರ ಜೆಸಿಬಿ ಬಂತು. ಎರಡೇ ದಿನದ ಕೆಲಸ. ಆ ವಾರದ ಕೊನೆಗೆ ಇಗರ್ಜಿಯ ಎದುರಿನ ಹೋಟೆಲಿನಲ್ಲಿ ಚಾ ಕುಡಿಯುತ್ತಿದ್ದೆ. ಊರಿನ ಗೌಡರೊಬ್ಬರು, ಹಿಂದೆ ಕಲ್ಲು ಕಟ್ಟುವ ಕೆಲಸ ಮಾಡಿದವರು, ಎದುರಿಗೆ ಬಂದು ಕೂತರು.

"ಗೋಡೆಯ ಹತ್ತಿರ ನೀವೆಂತದೋ ಅಳತೆ ಮಾಡ್ತಿದ್ರಂತೆ ಮಾರಾಯ್ರೆ?"

ಹೇಳಿದೆ. ಅವರು ಬನ್ಸು ಮುರಿಯುತ್ತ ಕೇಳಿದರು.

"ರಸ್ತೆ ಮೂಲೆಯಿಂದ ಅಂದ್ರಿ. ಯಾವ ಮೂಲೆ?"

"ಅದೇ, ಈಗ ಇರುವ ಮೂಲೆ."

"ಅದು ನಾವು ಕಟ್ಟಿದ್ದಲ್ವಾ? ರಸ್ತೆ ಅಗಲ ಮಾಡುವಾಗ ಹಳೆ ಮೂಲೆ ಹೋಯ್ತು. ಒಂದು ಹದಿನೈದು ಹೆಜ್ಜೆ ಒಳಗೆ ತಂದು ಹೊಸ ಮೂಲೆ ಕಟ್ಟಿದೆವು. ನೀವಾಗ ಊರಲ್ಲಿ ಎಲ್ಲಿದ್ರಿ, ಓದ್ಲಿಕ್ಕೆ ಹೋಗಿದ್ರಿ." ಮೇಜಿನ ಮೇಲೆ ಬೆರಳಿನಿಂದ ಗೆರೆ ಎಳೆದರು. "ನಿಮ್ಮ ಮೂವತ್ತು ಹಳೆ ಮೂಲೆಯಿಂದಾದ್ರೆ ಅದು ಆ ಹಲಸಿನ ಮರದ ಬುಡಕ್ಕೆ ಬರ್ತದೆ."

ಹಣ ಕೊಟ್ಟೆನೋ ಇಲ್ಲವೋ ನೆನಪಿಲ್ಲ, ಎದ್ದು ಹೋದೆ. ಪಟ್ಟಿ ಜಾಗ ಅಂಗೈಯಂತೆ ಸಮತಟ್ಟಾಗಿತ್ತು. ಮರ ಇರಲಿಲ್ಲ. ಮಣ್ಣನ್ನು ಟಿಪ್ಪರಿನಲ್ಲಿ ತುಂಬಿ ಕಡಬದ ಕಡೆ ಯಾರದೋ ಗುಂಡಿ ತುಂಬಲು ಒಯ್ದಿದ್ದರು. ಜೆಸಿಬಿಯವನನ್ನು ಹುಡುಕಿ ಫೋನು ಮಾಡಿ, ಮರ ತೆಗೆಯುವಾಗ ಏನಾದರೂ ಕಂಡಿತೇ ಎಂದು ಕೇಳಿದೆ.

"ಬೇರು ಬಂತು ಸಾರ್. ಮತ್ತೆಂತ ಬರ್ತದೆ?"

ಯಾವ ಮಣ್ಣಾದರೇನು ಎಂದು ನನಗೆ ನಾನೇ ಹೇಳಿಕೊಂಡೆ. ಎಲುಬಿಲ್ಲ, ಲಿಂಬೊ ಇಲ್ಲ, ನಾನು ದೇವರನ್ನು ನಂಬುವವನೂ ಅಲ್ಲ. ಮೂರು ಹಿಡಿ ಮಣ್ಣು ಇಲ್ಲಿಯದಾದರೂ ಅಲ್ಲಿಯದಾದರೂ ಮಣ್ಣೇ. ಈ ಮಾತನ್ನು ಎಷ್ಟು ಸಲ ಹೇಳಿಕೊಂಡರೂ ದೊಡ್ಡಮ್ಮ ಕುರ್ಚಿಯಿಂದ ಬಗ್ಗಿದ್ದು ಕಣ್ಣಿನ ಮುಂದಿನಿಂದ ಹೋಗಲಿಲ್ಲ. ಗೌಡರ ನೆನಪೂ ತಪ್ಪಿರಬಹುದೆಂದು ರಸ್ತೆ ಇಲಾಖೆಯ ಹಳೆಯ ನಕ್ಷೆ ನೋಡಲು ಹೋದೆ. ತಪ್ಪಿರಲಿಲ್ಲ.

ಹೇಳದೆ ಇರಬಹುದಿತ್ತು. ಹೇಳಬಾರದು ಎಂದು ಅಳಿಯ ಕೈಹಿಡಿದು ಬೇಡಿಕೊಂಡ. "ಭಾವ, ಮುದುಕಿ ಈಗ ಚೆನ್ನಾಗಿ ನಿದ್ದೆ ಮಾಡ್ತಾರೆ. ನಿಮ್ಮ ಸತ್ಯ ನಿಮ್ಮತ್ರವೇ ಇರ್ಲಿ." ಅವನು ಹೇಳಿದ್ದು ಸರಿ. ಆದರೆ ಅಲ್ಲಿಯವರಿಗೆ ಒಂದು, ತನಗೇ ಒಂದು ಬರೆದ ಮನುಷ್ಯನನ್ನು ನಾನು ಇಪ್ಪತ್ತು ವರ್ಷ ಮನಸ್ಸಿನಲ್ಲೇ ಬೈದಿದ್ದೆ. ಈಗ ಸುಮ್ಮನಿದ್ದರೆ ನಾನು ಬರೆಯುವುದೂ ಅಂಥದ್ದೇ ಪತ್ರ. ಇದು ಧೈರ್ಯವೋ, ಬರೀ ನನ್ನ ಹೊಟ್ಟೆಯ ಭಾರ ಇಳಿಸಿಕೊಳ್ಳುವ ಉಪಾಯವೋ, ಇಂದಿಗೂ ನನಗೆ ಖಾತ್ರಿಯಿಲ್ಲ.

ಹೇಳಿದೆ. ದೊಡ್ಡಮ್ಮ ಪೂರ್ತಿ ಕೇಳಿದರು.

"ನಿನಗೆ ಮರ ನೆನಪಿತ್ತಾ?"

"ಇತ್ತು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ನನ್ನ ನೆನಪಿನ ಮೇಲೆ ನನಗೆ ನಂಬಿಕೆ ಇರ್ಲಿಲ್ಲ."

"ನನಗಿತ್ತು," ಎಂದರು. "ಅದಕ್ಕೇ ಅಲ್ವಾ ನಿನ್ನನ್ನು ಕರೆದದ್ದು? ಪುಸ್ತಕ ತಾ ಅಂತ ಹೇಳಿದ್ದೆನಾ?"

ಮುಂದೆ ಆ ಬಗ್ಗೆ ಮಾತಾಡಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ನವೆಂಬರಿನಲ್ಲಿ ಮೃತರ ದಿನ ಬಂತು. ಅಂದು ಎಲ್ಲರೂ ಸಮಾಧಿ ತೊಳೆದು ಹೂವಿಟ್ಟು ಮೇಣದ ಬತ್ತಿ ಹಚ್ಚುತ್ತಾರೆ, ಗುರುಗಳು ಸಾಲುಸಾಲಾಗಿ ನಡೆದು ಆಶೀರ್ವಾದದ ನೀರು ಚಿಮುಕಿಸುತ್ತಾರೆ. ನಾನು ಅಜ್ಜಿಯ ಸಮಾಧಿಯ ಹತ್ತಿರ ಕಾದೆ. ದೊಡ್ಡಮ್ಮ ಒಂದು ಬತ್ತಿ ಅಲ್ಲಿ ಹಚ್ಚಿ, ಇನ್ನೊಂದನ್ನು ಕೈಯಲ್ಲೇ ಹಿಡಿದುಕೊಂಡು ಗೇಟಿನಿಂದ ಹೊರಗೆ ನಡೆದರು. ನಾನು ಹಿಂದೆ ಹೋದೆ.

ಪಟ್ಟಿಯ ಉದ್ದಕ್ಕೂ ಇಂಟರ್‌ಲಾಕ್ ಹಾಕಿ ಆಗಿತ್ತು. ಕಾರು, ಬೈಕು, ಆಟೋ ತುಂಬಿದ್ದವು. ದೊಡ್ಡಮ್ಮ ವಾಹನಗಳ ಸಂದಿನಲ್ಲಿ ನಿಂತು ಅತ್ತಿತ್ತ ನೋಡಿದರು. ನಾನು ತೋರಿಸಬೇಕೆಂದು ಕಾದರು. ಮೂಲೆಯಿಂದ ಎಣಿಸಲು ಕಾರುಗಳು ಅಡ್ಡ ನಿಂತಿದ್ದವು. ಮರವಿಲ್ಲದೆ ನನಗೆ ದಿಕ್ಕೂ ಸರಿಯಾಗಿ ಸಿಗಲಿಲ್ಲ. "ಸುಮಾರು ಇಲ್ಲಿ ಇರಬಹುದು" ಎಂದೆ.

ಅವರು ಬಗ್ಗಿ ನೆಲದ ಮೇಲೆ ಮೇಣ ಹನಿಸಿ ಬತ್ತಿ ನಿಲ್ಲಿಸಿದರು. ಗಾಳಿಗೆ ಆರಿತು, ಮತ್ತೆ ಹಚ್ಚಿದರು. ಅಷ್ಟರಲ್ಲಿ ಹಿಂದಿನ ಕಾರಿನವನು ಗಾಜಿಳಿಸಿ ಮರ್ಯಾದೆಯಿಂದಲೇ ಹೇಳಿದ:

"ಅಜ್ಜಿ, ಒಂಚೂರು ಆಚೆ ಹೋಗ್ತೀರಾ? ಗಾಡಿ ತೆಗಿಲಿಕ್ಕೆ ಉಂಟು."

ದೊಡ್ಡಮ್ಮ ಬತ್ತಿಯನ್ನು ಕಿತ್ತುಕೊಂಡು ಪಕ್ಕಕ್ಕೆ ಸರಿದರು.